ಫ್ಲೋರೈಡ್ ಫೈಲು ಗ್ರಂಥಾಲಯಕ್ಕೆ ಬಂದ ದಿನ

ಅಂತರ್ಜಲದ ಮೇಲೆ ಪಿಎಚ್‌.ಡಿ. ಮುಗಿಸಿದ ಸಂಶೋಧಕಿಯೊಬ್ಬರು ತಮ್ಮ ದತ್ತಾಂಶಕ್ಕೆ ಡಿಒಐ (ಡಿಜಿಟಲ್ ದಾಖಲೆಯನ್ನು ಗುರುತಿಸುವ ಶಾಶ್ವತ ಸಂಖ್ಯೆ) ಬೇಕೆಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದಿದ್ದರು. ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದರ ಎಕ್ಸೆಲ್ ಫೈಲು ಅದು. ಪ್ರಬಂಧದ ಪಿಡಿಎಫ್ ಆಗಲೇ ಭಾರತೀಯ ಸಂಶೋಧನಾ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾ ಸೇರಿತ್ತು, ಆದರೆ ಅದರಲ್ಲಿದ್ದದ್ದು ಸರಾಸರಿಗಳ ಕೋಷ್ಟಕ ಮಾತ್ರ. ಸಂಶೋಧನಾ ದತ್ತಾಂಶವನ್ನು ಉಚಿತವಾಗಿ ಇಡಬಹುದಾದ ಝೆನೋಡೊ ಜಾಲತಾಣದಲ್ಲಿ ಒಂದು ದಾಖಲೆಗೆ 50 ಜಿಬಿವರೆಗೆ ಜಾಗವಿದೆ, ಡಿಒಐ ಕೂಡಲೇ ಸಿಗುತ್ತದೆ. ಅಪ್‌ಲೋಡ್ ಹತ್ತು ನಿಮಿಷದ ಕೆಲಸ. ದಿನವೆಲ್ಲ ಹಿಡಿದದ್ದು ಫೈಲನ್ನು ಬೇರೆಯವರಿಗೂ ಅರ್ಥವಾಗುವಂತೆ ಮಾಡುವುದು.

ಮೊದಲು ಮೂಲ ಫೈಲನ್ನು ‘ಓದಲು ಮಾತ್ರ’ ಎಂದು ಗುರುತು ಹಾಕಿ ಬದಿಗಿಡಬೇಕು, ಕೆಲಸವೆಲ್ಲ ಪ್ರತಿಯ ಮೇಲೆಯೇ. ಆಮೇಲೆ ಪಕ್ಕದಲ್ಲಿ ಕೂತು ಒಂದೊಂದೇ ಕಾಲಂ ತೋರಿಸಿ ಕೇಳುತ್ತ ಹೋಗುವುದು. ಗ್ರಂಥಪಾಲಕರಿಗೆ ರಸಾಯನಶಾಸ್ತ್ರ ಬರಬೇಕೆಂದಿಲ್ಲ. ಉದ್ಘಾಟನೆ, ಪ್ರಮಾಣಪತ್ರ, ಗ್ರೂಪ್ ಫೋಟೊ ಇರುವ ಕಾರ್ಯಾಗಾರಕ್ಕಿಂತ ಸಂಶೋಧಕರದ್ದೇ ಫೈಲು ಮುಂದಿಟ್ಟುಕೊಂಡು ಕೂತ ಎರಡು ಗಂಟೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಕ್ಷಾಂಶದ ಕಾಲಂನಲ್ಲಿ 14.25 ಎಂದಿತ್ತು. ಅದು ದಶಮಾಂಶವೋ, 14 ಡಿಗ್ರಿ 25 ನಿಮಿಷವೋ? ನಿಮಿಷವಾದರೆ ದಶಮಾಂಶದಲ್ಲಿ 14.4167 ಆಗಬೇಕು, ವ್ಯತ್ಯಾಸ ಸುಮಾರು 18 ಕಿ.ಮೀ. ದಶಮಾಂಶವನ್ನು ನಿಮಿಷವೆಂದು ಓದಿದರೆ ಪಾವಗಡದ ಉತ್ತರದ ಅಂಚಿನ ಬಾವಿ ನಕ್ಷೆಯಲ್ಲಿ ಆಂಧ್ರಕ್ಕೆ ಹೋಗಿ ಕೂರುತ್ತದೆ. ಪತ್ತೆಗೆ ಸುಲಭ ದಾರಿಯೊಂದಿದೆ: ದೊಡ್ಡ ಪ್ರದೇಶದ ನೂರಾರು ಸಾಲಿದ್ದರೂ ಚುಕ್ಕೆಯ ನಂತರದ ಮೊದಲ ಎರಡು ಅಂಕಿ ಎಲ್ಲಿಯೂ 59 ದಾಟದಿದ್ದರೆ ನಿಮಿಷವೆಂದೇ ಅನುಮಾನಿಸಬೇಕು. ಒಂದು ತಾಲ್ಲೂಕಿನಷ್ಟು ಚಿಕ್ಕ ಜಾಗಕ್ಕೆ ಇದು ಸಾಲದು, ಕೇಳಿಯೇ ತಿಳಿಯಬೇಕು. ಇಲ್ಲಿ ಮೊದಲ ವರ್ಷದ್ದು ನಿಮಿಷ, ಜಿಪಿಎಸ್‌ನ ಸೆಟ್ಟಿಂಗ್ ಬದಲಾದ ಮೇಲಿನದ್ದು ದಶಮಾಂಶ.

ಫ್ಲೋರೈಡ್ ಕಾಲಂ ಇನ್ನೂ ಕಷ್ಟದ್ದು. ಕೆಲವೆಡೆ 0, ಕೆಲವೆಡೆ ಖಾಲಿ, ಕೆಲವೆಡೆ ‘ಬಿಡಿಎಲ್’ (ಬಿಲೋ ಡಿಟೆಕ್ಷನ್ ಲಿಮಿಟ್). ಕೇಳುತ್ತ ಹೋದಾಗ ಮೂರು ಬೇರೆ ಬೇರೆ ಸಂಗತಿಗಳು ಹೊರಬಂದವು: ಅಳತೆ ಪತ್ತೆಮಿತಿಗಿಂತ (ವಿಧಾನವೊಂದು ಗುರುತಿಸಬಲ್ಲ ಕನಿಷ್ಠ ಪ್ರಮಾಣ) ಕಡಿಮೆ ಇತ್ತು, ಬಾವಿ ಬತ್ತಿತ್ತು, ಬಾಟಲಿ ಒಡೆದಿತ್ತು. ಮೂರಕ್ಕೂ ಸೊನ್ನೆ ಹಾಕಿದರೆ ಸರಾಸರಿ ಇಳಿಯುತ್ತದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದ ಕಡೆ 1.5ರವರೆಗೆ. ಇಷ್ಟು ಇಕ್ಕಟ್ಟಿನ ಅಂತರದಲ್ಲಿ ಸುಳ್ಳು ಸೊನ್ನೆಗಳು ಒಂದು ಊರಿನ ನೀರನ್ನು ‘ಸುರಕ್ಷಿತ’ ಮಾಡಿಬಿಡಬಲ್ಲವು. ಆದ್ದರಿಂದ ಅಂಕಿಯ ಕಾಲಂನಲ್ಲಿ ಅಂಕಿಯಷ್ಟೇ. ಕಾರಣಕ್ಕೊಂದು, ಪತ್ತೆಮಿತಿಗೊಂದು, ಅಳತೆಯ ವಿಧಾನಕ್ಕೊಂದು ಬೇರೆ ಕಾಲಂ. ವಿಧಾನದ ಕಾಲಂ ಏಕೆಂದರೆ ಆರಂಭದ ಮಾದರಿಗಳನ್ನು ಸ್ಪ್ಯಾಡ್ನ್ಸ್ (SPADNS) ಎಂಬ ಬಣ್ಣದ ವಿಧಾನದಲ್ಲಿ, ನಂತರದವನ್ನು ಎಲೆಕ್ಟ್ರೋಡಿನಲ್ಲಿ ಅಳೆದಿದ್ದರು. ಪ್ರಬಂಧದಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದಿತ್ತು.

ಊರ ಹೆಸರುಗಳು ಕನ್ನಡದಲ್ಲಿದ್ದವು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರು, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ತರಬಹುದು. ಆದರೆ ಯೂನಿಕೋಡ್ ಕನ್ನಡವನ್ನು ಎಕ್ಸೆಲ್‌ನಿಂದ ಬರೀ ‘ಸಿಎಸ್‌ವಿ’ (ಕೋಷ್ಟಕವನ್ನು ಸರಳ ಪಠ್ಯವಾಗಿಡುವ ರೂಪ) ಎಂದು ಉಳಿಸಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ, ಆ ಫೈಲಿನಿಂದ ಹೆಸರು ಮರಳಿ ಬಾರದು. ‘ಸಿಎಸ್‌ವಿ ಯುಟಿಎಫ್-8’ ಆಯ್ಕೆಯನ್ನೇ ಒತ್ತಬೇಕು. ದಿನಾಂಕ 03/04/2021 ಎಂದಿದ್ದರೆ ಮಾರ್ಚೋ ಏಪ್ರಿಲ್ಲೋ ಎಂದು ಕ್ಷೇತ್ರ ಪುಸ್ತಕ ನೋಡಿ, 2021-04-03 ಎಂದು ವರ್ಷ ಮೊದಲಿಟ್ಟು ಬರೆಯುವುದು.

ಬಾವಿಯ ಯಜಮಾನರ ಹೆಸರು, ಮೊಬೈಲ್ ನಂಬರ್ ಕೂಡ ಇದ್ದವು. ಅವನ್ನು ತೆಗೆದು ಸಂಕೇತ ಸಂಖ್ಯೆ ಕೊಟ್ಟದ್ದಾಯಿತು. ಅಷ್ಟು ಸಾಲದು, ಏಕೆಂದರೆ ನಿಖರ ಸ್ಥಳವೇ ಹೊಲವನ್ನು ತೋರಿಸಿಕೊಡುತ್ತದೆ. ಸಾರ್ವಜನಿಕ ಪ್ರತಿಯಲ್ಲಿ ಅಕ್ಷಾಂಶ, ರೇಖಾಂಶಗಳನ್ನು ಎರಡು ದಶಮಾಂಶಕ್ಕೆ ಇಳಿಸಿದರೆ ಸ್ಥಳ ಸುಮಾರು ಒಂದು ಕಿ.ಮೀ.ಯಷ್ಟು ಮಸುಕಾಗುತ್ತದೆ. ಪೂರ್ಣ ಪ್ರತಿ ವಿಭಾಗದಲ್ಲೇ ಇರಲಿ ಎಂದು ನಿರ್ಧಾರವಾಯಿತು.

ರೀಡ್‌ಮಿ ಎಂಬ, ದತ್ತಾಂಶದ ಜೊತೆಗಿಡುವ ವಿವರಣೆಯ ಫೈಲಿಗೆ ಕಾಲಂಗಳ ಅರ್ಥ, ಏಕಮಾನ, ಉಪಕರಣ, ಸಂಗ್ರಹದ ತಿಂಗಳುಗಳು, ಪರವಾನಗಿ ಇಷ್ಟು ಸಾಕು. ಆ ಸಂಜೆ ದಾಖಲೆ ಪ್ರಕಟಿಸಲಿಲ್ಲ. ಪ್ರಕಟವಾದ ಮೇಲೆ ಫೈಲು ಬದಲಿಸಬೇಕಾದರೆ ಸಾಮಾನ್ಯವಾಗಿ ಹೊಸ ಆವೃತ್ತಿ, ಅದಕ್ಕೆ ಬೇರೆ ಡಿಒಐ. ಕರಡಿನಲ್ಲೇ ಡಿಒಐ ಕಾಯ್ದಿರಿಸುವ ಸೌಲಭ್ಯವಿರುವುದರಿಂದ ಆ ಸಂಖ್ಯೆಯನ್ನು ಸಂಶೋಧನಾ ಪತ್ರಿಕೆಗೆ ಕಳಿಸಲಾಯಿತು. ಬಣ್ಣದ ವಿಧಾನದ ಪತ್ತೆಮಿತಿ ಮಾತ್ರ ಫೈಲಿನಲ್ಲಿ ಎಲ್ಲಿಯೂ ಇರಲಿಲ್ಲ, ಅದಕ್ಕೆ ಪ್ರಯೋಗಾಲಯದ ಹಳೆಯ ರಿಜಿಸ್ಟರ್ ಹುಡುಕಬೇಕಾಗಿತ್ತು.