ಪೋರ್ಟ್ ಫಾರ್ವರ್ಡ್ ಮಾಡಿದರೂ ಕನೆಕ್ಷನ್ ಸಿಗದಿದ್ದರೆ

ಹೊರಗಿನ ಪೋರ್ಟ್ 8443, ಒಳಗಿನ ಐಪಿ 192.168.1.50, ಒಳಗಿನ ಪೋರ್ಟ್ 443, ಪ್ರೋಟೋಕಾಲ್ ಟಿಸಿಪಿ, ಸೇವ್. ಹೊರಗಿನಿಂದ ಬಂದ ಕನೆಕ್ಷನ್ ಅನ್ನು ಮನೆಯೊಳಗಿನ ಸರ್ವರ್‌ಗೆ ದಾಟಿಸುವ ಈ ಪೋರ್ಟ್ ಫಾರ್ವರ್ಡ್ ನಿಯಮವನ್ನು ರೂಟರ್‌ನಲ್ಲಿ ಬರೆಯಲು ಎರಡು ನಿಮಿಷ ಸಾಕು. ಆಮೇಲೂ ಹೊರಗಿನಿಂದ ಪೇಜ್ ತೆರೆಯದಿದ್ದರೆ ನಿಯಮವನ್ನು ಅಳಿಸಿ ಮತ್ತೆ ಬರೆಯುತ್ತಾ ಕೂರಬೇಡಿ, ಪ್ಯಾಕೆಟ್ ಎಲ್ಲಿ ನಿಂತಿದೆ ಎಂದು ಹುಡುಕಿ.

ಮೊದಲು ರೂಟರ್‌ನ ವ್ಯಾನ್ ಐಪಿ (ಇಂಟರ್‌ನೆಟ್ ಕಡೆಗಿನ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಸೇವಾದಾರರ ಸಿಜಿನ್ಯಾಟ್ (ಹಲವು ಗ್ರಾಹಕರು ಒಂದೇ ಪಬ್ಲಿಕ್ ಐಪಿ ಹಂಚಿಕೊಳ್ಳುವ ಏರ್ಪಾಡು) ಹಿಂದೆ ಇದ್ದೀರಿ. ನಿಮ್ಮ ರೂಟರ್‌ನಲ್ಲಿ ಏನು ಬರೆದರೂ ಪ್ರಯೋಜನವಿಲ್ಲ. ಪಬ್ಲಿಕ್ ಐಪಿ ಕೇಳಿ ಪಡೆಯಬೇಕು, ಇಲ್ಲವೇ ಐಪಿವಿ6 ಬಳಸಬೇಕು. 192.168 ಅಥವಾ 10ರಿಂದ ಶುರುವಾಗಿದ್ದರೆ ಮೇಲೆ ಇನ್ನೊಂದು ನ್ಯಾಟ್ (ಒಳಗಿನ, ಹೊರಗಿನ ವಿಳಾಸಗಳನ್ನು ಬದಲಿಸುವ ಸಾಧನ) ಇದೆ. ಸಾಮಾನ್ಯವಾಗಿ ಅದು ಮೋಡೆಮ್ಮೇ ಆಗಿರುತ್ತದೆ, ಅದನ್ನು ಬ್ರಿಡ್ಜ್ ಮೋಡ್‌ಗೆ (ನ್ಯಾಟ್ ಮಾಡದೆ ಸುಮ್ಮನೆ ದಾಟಿಸುವ ಬಗೆಗೆ) ಹಾಕಿ. ಸರ್ವರ್‌ನ ಐಪಿ ಬದಲಾಗದಂತೆ ಅದನ್ನು ಡಿಎಚ್‌ಸಿಪಿಯಲ್ಲಿ (ರೂಟರ್ ಐಪಿ ಹಂಚುವ ವ್ಯವಸ್ಥೆ) ನೆಟ್‌ವರ್ಕ್ ಕಾರ್ಡ್‌ನ ಮ್ಯಾಕ್ ವಿಳಾಸಕ್ಕೆ ಕಟ್ಟಿಡುವುದನ್ನೂ ಮರೆಯಬೇಡಿ.

ಈಗ ಪರೀಕ್ಷೆ. ಮೊಬೈಲ್‌ನ ವೈಫೈ ಆಫ್ ಮಾಡಿ, ಡೇಟಾದಿಂದಲೇ ಪ್ರಯತ್ನಿಸಿ. ಮನೆಯೊಳಗಿನಿಂದ ಪಬ್ಲಿಕ್ ಐಪಿಗೆ ಹೋಗಲು ಹೇರ್‌ಪಿನ್ ನ್ಯಾಟ್ ಬೇಕು, ಅದಿಲ್ಲದ ರೂಟರ್‌ನಲ್ಲಿ ಸರಿಯಾದ ನಿಯಮವೂ ಕೆಟ್ಟಂತೆ ಕಾಣುತ್ತದೆ. ಅದೇ ಹೊತ್ತಿಗೆ ಸರ್ವರ್‌ನಲ್ಲಿ ಬರುವ ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ 443ನೇ ಪೋರ್ಟ್ ನೋಡಿ.

ಸಿನ್ (ಕನೆಕ್ಷನ್ ಶುರು ಮಾಡುವ ಮೊದಲ) ಪ್ಯಾಕೆಟ್ ಬರಲೇ ಇಲ್ಲವೆಂದರೆ ತೊಂದರೆ ರೂಟರ್‌ನಲ್ಲಿದೆ ಅಥವಾ ಅದಕ್ಕೂ ಮೇಲಿದೆ. ಲಿನಕ್ಸ್ ರೂಟರ್ ಆದರೆ ಫಾರ್ವರ್ಡ್ ಚೈನ್ (ದಾಟಿಹೋಗುವ ಪ್ಯಾಕೆಟ್‌ಗಳ ಫೈರ್‌ವಾಲ್ ನಿಯಮಪಟ್ಟಿ) ನೋಡಿ. ಡಿನ್ಯಾಟ್ (ತಲುಪಬೇಕಾದ ಐಪಿ, ಪೋರ್ಟ್ ಬದಲಿಸುವುದು) ಆಗುವುದು ರೂಟಿಂಗ್ ನಿರ್ಧಾರಕ್ಕೂ ಮುಂಚೆ. ಹಾಗಾಗಿ ಆ ಚೈನ್‌ಗೆ ಬರುವಷ್ಟರಲ್ಲಿ ಪೋರ್ಟ್ 443 ಆಗಿರುತ್ತದೆ. 8443ಕ್ಕೆ ಅನುಮತಿ ಕೊಟ್ಟ ನಿಯಮ ಎಂದೂ ತಾಗುವುದಿಲ್ಲ. ಸಿನ್ ಬಂದೂ ಉತ್ತರ ಹೋಗದಿದ್ದರೆ ಸಾಮಾನ್ಯವಾಗಿ ಸರ್ವರ್‌ನ ಫೈರ್‌ವಾಲ್ ತಡೆಯುತ್ತಿರುತ್ತದೆ. ಉತ್ತರವಾಗಿ ರೀಸೆಟ್ (ಕನೆಕ್ಷನ್ ನಿರಾಕರಿಸುವ ಪ್ಯಾಕೆಟ್) ಹೋಗುತ್ತಿದ್ದರೆ ಸೇವೆ ಓಡುತ್ತಿಲ್ಲ, ಅಥವಾ ಸರ್ವರ್‌ನೊಳಗಿನಿಂದ ಮಾತ್ರ ಸಿಗುವ 127.0.0.1ರಲ್ಲಷ್ಟೇ ಕಿವಿಗೊಟ್ಟು ಕೂತಿದೆ.

ತಲೆ ತಿನ್ನುವುದು ಕೊನೆಯ ಬಗೆ: ಸಿನ್ ಬರುತ್ತದೆ, ಸರ್ವರ್ ಸಿನ್-ಆ್ಯಕ್ (ಒಪ್ಪಿಗೆಯ ಉತ್ತರ) ಕಳಿಸುತ್ತದೆ, ಆದರೂ ಅದೇ ಸಿನ್ ಮತ್ತೆ ಮತ್ತೆ ಬರುತ್ತದೆ. ಉತ್ತರ ಬೇರೆ ದಾರಿ ಹಿಡಿದಿದೆ ಎಂದರ್ಥ. ಸರ್ವರ್‌ನಲ್ಲಿ ವಿಪಿಎನ್ ಓಡುತ್ತಿದ್ದು ಡೀಫಾಲ್ಟ್ ರೂಟ್ (ಹೊರಹೋಗುವ ಮಾಮೂಲಿ ದಾರಿ) ಅದರ ಕಡೆಗಿದ್ದರೆ ಹೀಗೇ ಆಗುತ್ತದೆ. ಬಂದ ದಾರಿಯಲ್ಲೇ ಉತ್ತರ ಮರಳಬೇಕು; ಆಗಲೇ ರೂಟರ್ ತನ್ನ ಕನೆಕ್ಷನ್ ಟೇಬಲ್ ನೋಡಿ ವಿಳಾಸವನ್ನು ಹಿಂದಕ್ಕೆ ತಿರುಗಿಸಬಲ್ಲದು.

ಇನ್ನೊಂದು ಸಂದರ್ಭ: ಸರ್ವರ್ ಎರಡನೇ ರೂಟರ್‌ನ ಹಿಂದೆ, 192.168.2.10ರಲ್ಲಿದೆ, ಆ ರೂಟರ್ ನ್ಯಾಟ್ ಮಾಡುತ್ತಿಲ್ಲ ಎಂದುಕೊಳ್ಳಿ. ಆಗ ಮುಖ್ಯ ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟ್ (ನಾವೇ ಬರೆದಿಟ್ಟ ದಾರಿ) ಬೇಕು: ನೆಟ್‌ವರ್ಕ್ 192.168.2.0, ಮಾಸ್ಕ್ 255.255.255.0, ಗೇಟ್‌ವೇ 192.168.1.2 (ಎರಡನೇ ರೂಟರ್). ಇದಿಲ್ಲದಿದ್ದರೆ ಆ ಪ್ಯಾಕೆಟ್ ಡೀಫಾಲ್ಟ್ ರೂಟ್ ಹಿಡಿದು ಹೊರಗೇ ಹೋಗುತ್ತದೆ. ಎರಡನೇ ರೂಟರ್‌ನ ಡೀಫಾಲ್ಟ್ ಗೇಟ್‌ವೇ 192.168.1.1 (ಮುಖ್ಯ ರೂಟರ್) ಇರಲಿ.

ಮೇಲಿನ ವಿಪಿಎನ್ ತೊಂದರೆಯಲ್ಲಿ ಮರಳುವ ದಾರಿ ಸರಿಪಡಿಸಲು ಸರ್ವರ್‌ನಲ್ಲಿ ಪಾಲಿಸಿ ರೂಟಿಂಗ್ (ಬಂದ ದಾರಿಯಲ್ಲೇ ಉತ್ತರ ಕಳಿಸುವ ನಿಯಮ) ಮಾಡುವುದೇ ಒಳ್ಳೆಯದು. ರೂಟರ್‌ನಲ್ಲಿ ಸೋರ್ಸ್ ನ್ಯಾಟ್ (ಕಳಿಸಿದವರ ವಿಳಾಸದ ಬದಲು ರೂಟರ್‌ನ ವಿಳಾಸ ಇಡುವುದು) ಹಾಕಿದರೂ ಕೆಲಸವಾಗುತ್ತದೆ, ಆದರೆ ಸರ್ವರ್‌ನ ಲಾಗ್‌ನಲ್ಲಿ ಬಂದವರೆಲ್ಲರ ವಿಳಾಸವೂ 192.168.1.1 ಎಂದೇ ಕಾಣುತ್ತದೆ. ಐಪಿ ನೋಡಿ ದಾಳಿಕೋರರನ್ನು ತಡೆಯುವ ಸಾಫ್ಟ್‌ವೇರ್ ಇದ್ದರೆ ಅದು ಒಬ್ಬರನ್ನು ತಡೆಯಲು ಹೋಗಿ ಎಲ್ಲರಿಗೂ ಬಾಗಿಲು ಹಾಕುತ್ತದೆ.