ಕಿಸೆಯಲ್ಲೊಂದು ಚಾಕು: ಸಾಗರ, ತೀರ್ಥಹಳ್ಳಿ ಕಡೆ ಮೂರು ದಿನ

ಮಲೆನಾಡಿಗೆ ಹಳೇ ಚಾಕು ಕೊಳ್ಳೋಕೆ ಹೋಗ್ತೀನಿ ಅಂತ ಯಾರಾದರೂ ಹೇಳಿದರೆ ನಾನು ಬೇಡ ಅನ್ನುತ್ತೇನೆ. ಅಲ್ಲಿ ಮಾರಾಟಕ್ಕೆ ಜಾಸ್ತಿ ಏನೂ ಸಿಗುವುದಿಲ್ಲ. ಒಳ್ಳೆಯವೆಲ್ಲ ಯಾರದ್ದೋ ಎಲೆಅಡಿಕೆ ಸಂಚಿಯಲ್ಲೋ, ದೇವರ ಗೂಡಿನ ಮೂಲೆಯಲ್ಲೋ ಕೂತಿರುತ್ತವೆ. ಅವು ಹೊರಗೆ ಬರಬೇಕಾದರೆ ಕಾಫಿ ಕುಡಿಯಬೇಕು, ಮಳೆ ಬಗ್ಗೆ ಮಾತಾಡಬೇಕು, ಅಡಿಕೆ ರೇಟು ವಿಚಾರಿಸಬೇಕು. ಆಮೇಲೆ ನಿಮ್ಮ ಕಿಸೆಯಿಂದ ನಿಮ್ಮದೊಂದನ್ನು ತೆಗೆಯಬೇಕು. ಆಗ "ಇರಿ, ನಮ್ಮನೇಲೂ ಒಂದಿತ್ತು" ಅಂತ ಒಳಗೆ ಎದ್ದು ಹೋಗುತ್ತಾರೆ.

ನನ್ನ ಹತ್ತಿರ ನಲವತ್ತು ಚಿಲ್ಲರೆ ಮಡಚುವ ಚಾಕುಗಳಿವೆ. ಮನೆಯಲ್ಲಿ ಇದಕ್ಕೆ ಬೇರೆಯೇ ಹೆಸರಿದೆ, ಬಿಡಿ. ಇದೇ ಹುಚ್ಚಿನಿಂದ ಇಬ್ಬರು ಗೆಳೆಯರಾದರು. ಒಬ್ಬರು ಸಾಗರದ ಹತ್ತಿರದ ನಿವೃತ್ತ ಮೇಷ್ಟ್ರು. ಇನ್ನೊಬ್ಬ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನು. ಎರಡು ವರ್ಷ ಬರೀ ಫೋನಿನಲ್ಲೇ ಮಾತು. ಕಳೆದ ಡಿಸೆಂಬರಿನಲ್ಲಿ ಕೊನೆಗೂ ಹೊರಟೆ. ನೀವೂ ಹೊರಡುವುದಾದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಹೋಗುವವರಿಗೆ ಮೈಸೂರು–ತಾಳಗುಪ್ಪ ರಾತ್ರಿ ರೈಲು ಅನುಕೂಲ. ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ಶಿವಮೊಗ್ಗದಲ್ಲಿ ಇಳಿದರೆ ಮತ್ತೆ 70 ಕಿಲೋಮೀಟರಿನಷ್ಟು ಬಸ್ಸು. ಶಿವಮೊಗ್ಗದ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ ಕೊನೆಯಿಂದ ವಿಮಾನವೂ ಇದೆ. ಆದರೆ ಚಾಕು ಕೈಚೀಲದಲ್ಲಿ ಇರಲೇಬಾರದು, ಚೆಕ್-ಇನ್ ಮಾಡುವ ಬ್ಯಾಗಿನಲ್ಲೇ ಹೋಗಬೇಕು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಿಂದೊಮ್ಮೆ ಬೇರೆ ಊರಿಗೆ ಹೊರಟಾಗ ಬ್ಯಾಗಿನ ಹೊರಗಿನ ಜೇಬಿನಲ್ಲಿ ಒಂದು ಪುಟ್ಟ ಒಪಿನೆಲ್ ಚಾಕು ಮರೆತಿದ್ದೆ. ತಪಾಸಣೆಯವರು ತೆಗೆದು ಡಬ್ಬಿಗೆ ಹಾಕಿದರು. ತಪ್ಪು ನನ್ನದೇ. ಆದರೂ ಆ ಡಬ್ಬಿಯೊಳಗೆ ಅದು ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ಕಾನೂನಿನ ಮಾತೂ ಇಲ್ಲೇ ಮುಗಿಸುತ್ತೇನೆ. ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಬಗ್ಗೆ ಮಾತಾಡುತ್ತವೆ. ಮನೆಗೆಲಸ, ಕೃಷಿಯ ಸಲಕರಣೆಗಳನ್ನು ಅದರಿಂದ ಹೊರಗಿಟ್ಟಿವೆ. ನಮ್ಮ ಕಿಸೆ ಚಾಕು ಮೂರು ಇಂಚಿನದು. ಹಾಗಂತ ಬಸ್ ಸ್ಟ್ಯಾಂಡಿನಲ್ಲಿ ಟಕ್ ಟಕ್ ಅಂತ ಬಿಚ್ಚಿ ಮುಚ್ಚಿ ಆಡಬೇಡಿ. ನೋಡುವವರಿಗೆ ನಿಮ್ಮ ಹವ್ಯಾಸ ಏನು ಗೊತ್ತು?

ಮೇಷ್ಟ್ರ ಮನೆಗೆ ಮುಟ್ಟಿದಾಗ ಒಂಬತ್ತು ಗಂಟೆ. ಕಡುಬು, ಚಟ್ನಿ ಆಯಿತು. ಚಾಕುವಿನ ಮಾತೇ ಇಲ್ಲ. ಹನ್ನೊಂದರ ಹೊತ್ತಿಗೆ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಬಂತು. ಒಳಗೆ ಪಂಚೆ ಬಟ್ಟೆಯ ತುಂಡುಗಳಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿಟ್ಟಿದ್ದರು. ಜತೆಗೆ ನಾಲ್ಕು ಕರ್ಪೂರದ ಬಿಲ್ಲೆ, ತುಕ್ಕು ಹಿಡಿಯದಿರಲಿ ಅಂತ.

ನಾನು ಕೈ ಚಾಚಿದೆ. ಮೇಷ್ಟ್ರು ಚಾಕುವನ್ನು ಕೈಗೆ ಕೊಡಲಿಲ್ಲ, ಮಣೆಯ ಮೇಲಿಟ್ಟರು. "ಎತ್ತಿಕೊಳ್ಳಿ" ಅಂದರು. ಕತ್ತಿ, ಮೆಣಸಿನಕಾಯಿ, ಉಪ್ಪು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತದೆ ಅಂತ ನಮ್ಮಜ್ಜಿಯೂ ಹೇಳುತ್ತಿದ್ದಳು. ನಾನದನ್ನು ಮರೆತೇಬಿಟ್ಟಿದ್ದೆ. ನೀವು ಹೋದಾಗ ನೆನಪಿಟ್ಟುಕೊಳ್ಳಿ. ನಂಬಿಕೆ ಇರಲಿ ಬಿಡಲಿ, ಹರಿತವಾದದ್ದನ್ನು ಕೆಳಗಿಟ್ಟು ಕೊಡುವುದು ಬೆರಳಿಗೂ ಒಳ್ಳೆಯದೇ ಅಲ್ವಾ?

ಮೊದಲು ತೋರಿಸಿದ್ದು ಅವರ ಅಪ್ಪನ ಎಲೆಅಡಿಕೆ ಚಾಕು. ಮಸೆದು ಮಸೆದು ಅಲಗು ಅರ್ಧದಷ್ಟು ಸವೆದಿದೆ. ಹಿತ್ತಾಳೆ ರಿವೆಟ್ಟು ಎರಡು ಸಲ ಬದಲಾಗಿದೆ. ಅಲಗಿನ ಬಣ್ಣ ನೀಲಿಗಪ್ಪು. ಹಸಿ ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿದರೆ ಹೀಗೇ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ, ಅನ್ನಭೇದಿ (ಒಂದು ಬಗೆಯ ಕಬ್ಬಿಣದ ಲವಣ) ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಲೆಕ್ಕ. ಈ ಕಪ್ಪು ತುಕ್ಕಲ್ಲ. ಅದಿದ್ದರೆ ಕೆಂಪು ತುಕ್ಕು ಬೇಗ ಹತ್ತುವುದಿಲ್ಲ. ನಾನಾದರೋ ಊರಿನಿಂದ ಹೊರಡುವ ಮುಂಚೆ ನನ್ನವನ್ನೆಲ್ಲ ಪಾಲಿಶ್ ಹಾಕಿ ಹೊಳೆಯುವಂತೆ ಮಾಡಿಕೊಂಡು ಬಂದಿದ್ದೆ. ಮೇಷ್ಟ್ರು ಒಂದನ್ನು ಬೆಳಕಿಗೆ ಹಿಡಿದು ನೋಡಿದರು. "ಪಾಪ, ಇದಕ್ಕೆ ಕೆಲಸವೇ ಕೊಟ್ಟಿಲ್ಲ ನೀವು" ಅಂದರು. ನಾಚಿಕೆಯಾಯಿತು. ಹಾಗಾಗಿ ಹೇಳುತ್ತೇನೆ, ಹೋಗುವಾಗ ಬಳಸಿದ ಚಾಕುಗಳನ್ನೇ ಒಯ್ಯಿರಿ. ಮೂರು ನಾಲ್ಕು ಸಾಕು.

ನಾನು ಒಯ್ದದ್ದರಲ್ಲಿ ಒಂದು ಒಪಿನೆಲ್, 8ನೇ ನಂಬರ್. ಫ್ರಾನ್ಸಿನ ಸವೋಯ್ ಬೆಟ್ಟಗಳ ಕಡೆ 1890ರಲ್ಲಿ ಶುರುವಾದ ರೈತರ ಚಾಕು. ಅಲಗು ಮಡಚಿ ಬೆರಳಿಗೆ ತಾಗದಂತೆ ತಿರುಗಿಸುವ ಉಂಗುರ ಅದಕ್ಕೆ ಬಂದದ್ದು 1955ರಲ್ಲಿ. ಆ ಉಂಗುರ ಮೇಷ್ಟ್ರಿಗೆ ಬಹಳ ಹಿಡಿಸಿತು. ಆದರೆ ಮರದ ಹಿಡಿ ನೋಡಿ ನಕ್ಕರು. "ಜುಲೈನಲ್ಲಿ ಇಲ್ಲಿಗೆ ತನ್ನಿ, ಆಗ ತೆಗೆಯೋಕೆ ಬಂದ್ರೆ ಹೇಳಿ." ನಿಜ. ತೇವಕ್ಕೆ ಮರ ಉಬ್ಬಿ ಅಲಗು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು ಜಪಾನಿನ ಹಿಗೊನೊಕಾಮಿ, ಮಿಕಿ ಊರಿನದು. ಸ್ಪ್ರಿಂಗಿಲ್ಲ, ಬೀಗವಿಲ್ಲ. ಮಡಚಿದ ತಗಡಿನ ಹಿಡಿ. ಅಲಗಿನ ಹಿಂದೆ ಪುಟ್ಟ ಬಾಲ, ಅದನ್ನು ಹೆಬ್ಬೆರಳಲ್ಲಿ ಒತ್ತಿ ಬಿಚ್ಚಬೇಕು. ಮೇಷ್ಟ್ರು ಎರಡು ಸಲ ಬಿಚ್ಚಿ ಮುಚ್ಚಿ, "ಇದು ಕ್ಷೌರದ ಕತ್ತಿಯ ತಮ್ಮ" ಅಂದರು. ಎಂಟು ವರ್ಷದಿಂದ ಇಟ್ಟುಕೊಂಡಿದ್ದರೂ ನನಗೆ ಅದು ಹೊಳೆದಿರಲಿಲ್ಲ.

ಒಂದು ವಿಷಯಕ್ಕೆ ಮಾತ್ರ ನಮಗೆ ಜಗಳ. ಗುರುತಿಲ್ಲದ ಪ್ರತಿ ಹಳೇ ಅಲಗನ್ನೂ ಅವರು "ಭದ್ರಾವತಿ ಕಬ್ಬಿಣ" ಅನ್ನುತ್ತಾರೆ. ಅಲ್ಲಿ 1923ರಲ್ಲಿ ಇದ್ದಿಲು ಉರಿಸಿಯೇ ಕಬ್ಬಿಣ ತೆಗೆಯಲು ಶುರು ಮಾಡಿದ್ದು ಹೌದು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿದ್ದದ್ದೂ ಹೌದು. ಆದರೆ ಅಲಗಿನ ಮೇಲೆ ಒಂದು ಮುದ್ರೆಯೂ ಇಲ್ಲದೆ ಹೇಗೆ ಒಪ್ಪುವುದು? ಊಟದವರೆಗೂ ವಾದ ನಡೆಯಿತು. ಈಗಲೂ ಫೋನಿನಲ್ಲಿ ನಡೆಯುತ್ತದೆ.

ಎರಡನೇ ದಿನ ಬೆಳಗ್ಗೆ ಇಕ್ಕೇರಿ, ಕೆಳದಿ. ಎರಡೂ ಸಾಗರಕ್ಕೆ ಹತ್ತಿರ. ಆಟೋ ಮಾಡಿಕೊಂಡರೆ ಅರ್ಧ ದಿನ ಸಾಕು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿಯ ಗಂಡಭೇರುಂಡ, ಅಲ್ಲಿನ ವಸ್ತುಸಂಗ್ರಹಾಲಯ ನೋಡಿ. ಸಾಗರ ಪೇಟೆಯಲ್ಲಿ ಗುಡಿಗಾರರ ಕೆತ್ತನೆ ನೋಡುವುದಾದರೆ ಆನೆ, ದೇವರು ಆದಮೇಲೆ ಅವರ ಉಳಿಗಳ ಕಡೆಯೂ ಸ್ವಲ್ಪ ಕಣ್ಣು ಹಾಯಿಸಿ. ಅಂಥ ಹರಿತ ನಾನು ಬೇರೆಲ್ಲೂ ಕಂಡಿಲ್ಲ.

ಯಾರಾದರೂ ಕಡವೆ ಕೊಂಬಿನ ಹಿಡಿಯ ಚಾಕು ಇದೆ ಅಂತ ಮೆಲ್ಲಗೆ ಹೇಳಿದರೆ ಅಲ್ಲಿಂದ ಎದ್ದುಬಿಡಿ. ನನಗೂ ಒಬ್ಬರು ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಕೊಳ್ಳುವುದೂ ತಪ್ಪು, ಮಾರುವುದೂ ತಪ್ಪು. ಕಾಡಲ್ಲಿ ತಾನಾಗಿ ಉದುರಿದ ಕೊಂಬು ಅನ್ನುವ ಸಮಜಾಯಿಷಿ ನಡೆಯುವುದಿಲ್ಲ. ಬೈನೆ ಮರದ ಹಿಡಿ ಕೇಳಿ. ಕಪ್ಪು ಗೆರೆಗಳಿರುವ ಆ ಮರದ ಮುಂದೆ ಕೊಂಬು ಏನೂ ಅಲ್ಲ.

ಮಧ್ಯಾಹ್ನ ಹೊಸನಗರದ ದಾರಿ ಹಿಡಿದೆ. ಮೇಷ್ಟ್ರು ಹೇಳಿದ್ದ ಒಂದು ಕುಲುಮೆಯ ಹತ್ತಿರ ಇಳಿದೆ. ಆಚಾರ್ರಿಗೆ ಮಡಚುವ ಚಾಕು ಮಾಡಿಕೊಡಿ ಅಂತ ಕೇಳಬೇಡಿ. ಅವರ ಕೈತುಂಬ ಕತ್ತಿ, ಕುಡುಗೋಲಿನ ಕೆಲಸ ಇರುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಂತೂ ಕೇಳಲೇಬೇಡಿ. ರಿಪೇರಿಗೆ ಒಂದು ಚಾಕು ಒಯ್ದರೆ ಮಾತು ತಾನಾಗೇ ಶುರುವಾಗುತ್ತದೆ. ನನ್ನದೊಂದರ ರಿವೆಟ್ಟು ಸಡಿಲವಾಗಿತ್ತು. ಹಿತ್ತಾಳೆ ತಂತಿ ತೂರಿಸಿ, ಎರಡೂ ಕಡೆ ನಾಲ್ಕೇಟು ಹಾಕಿ ಕೊಟ್ಟರು. ಆಮೇಲೆ ಲಾರಿಯ ಸ್ಪ್ರಿಂಗ್ ಪ್ಲೇಟಿನ ತುಂಡಿನಿಂದ ಮಾಡಿದ ಕತ್ತಿಗೆ ಹದ ಕೊಡುವುದನ್ನು ನೋಡಿಕೊಂಡು ಕೂತೆ. ಕೆಂಪಗೆ ಕಾಸಿ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಏಟಿಗೆ ಚಕ್ಕೆ ಏಳುತ್ತದೆ. ಅದಕ್ಕೇ ಮತ್ತೆ ಸ್ವಲ್ಪ ಬಿಸಿ ಮಾಡಿ, ಒಣಹುಲ್ಲಿನ ಬಣ್ಣ ಅಲಗಿನ ಅಂಚಿಗೆ ಓಡಿ ಬರುವುದನ್ನೇ ಕಾಯುತ್ತಾರೆ. ಬಣ್ಣ ಬಂದ ಕ್ಷಣವೇ ಮತ್ತೆ ಅದ್ದಬೇಕು. ಆ ಹೊತ್ತಿಗೆ ನಾನು ಏನೋ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಕೊಡಲೂಬಾರದು. ಫೋಟೋ ಬೇಕಾದರೆ ಕೇಳಿ ತೆಗೆಯಿರಿ, ಹದದ ಹೊತ್ತಿನಲ್ಲಿ ಮಾತ್ರ ಸುಮ್ನಿರಿ.

ತೋಟದ ಗೆಳೆಯನ ಮನೆ ಸೇರಿದಾಗ ಕತ್ತಲಾಗಿತ್ತು. ಅಂಗಳದಲ್ಲಿ ಅಡಿಕೆ ಸುಲಿತ. ದೊಡ್ಡ ಲೈಟು ಹಾಕಿ, ಮೆಟ್ಟುಗತ್ತಿಗಳ ಮುಂದೆ ಹತ್ತು ಹನ್ನೆರಡು ಜನ. ನನಗೂ ಒಂದು ಮೆಟ್ಟುಗತ್ತಿ ಕೊಟ್ಟರು. ಅವರು ನೂರು ಸುಲಿಯುವಷ್ಟರಲ್ಲಿ ನಾನು ಆರು ಸುಲಿದೆ, ಹೆಬ್ಬೆರಳನ್ನೂ ಸುಲಿದುಕೊಂಡೆ. ಟಿಂಚರ್, ಬ್ಯಾಂಡೇಜ್ ಒಯ್ಯಿರಿ. ನವೆಂಬರಿನಿಂದ ಜನವರಿವರೆಗೆ ಹೋದರೆ ಗೆಳೆಯರು ಹಗಲಲ್ಲಿ ಸಿಗುವುದಿಲ್ಲ. ಆದರೆ ಈ ರಾತ್ರಿಯ ಹರಟೆ ಬೇರೆ ಕಾಲದಲ್ಲಿ ಸಿಗುವುದಿಲ್ಲ. ಮಾರ್ಚಿನಲ್ಲಿ ಹೋದರೆ ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ. ಅದರ ಸೊನೆ ತಾಗಿದ ಅಲಗಿಗೆ ಬರುವ ಬಣ್ಣಕ್ಕಾಗಿಯೇ ನಾನು ಮತ್ತೆ ಹೋಗಬೇಕೆಂದಿದ್ದೇನೆ. ಮಳೆಗಾಲ ಬೇಡವೇ ಬೇಡ.

ಈ ಗೆಳೆಯನ ಹತ್ತಿರ ಇರುವುದು ಹನ್ನೊಂದೇ ಚಾಕು. ಹನ್ನೊಂದೂ ಕೆಲಸದವು. ಒಂದು ಮೆಣಸಿನ ಬಳ್ಳಿ ಕಸಿಗೆ, ಒಂದು ಹಣ್ಣಿಗೆ, ಒಂದು ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು. ರಾತ್ರಿ ಒರೆಸಿ ಕೊಬ್ಬರಿ ಎಣ್ಣೆ ಸವರಿಡುತ್ತಾನೆ. ಚರ್ಮದ ಚೀಲದಲ್ಲಿ ಇಡುವುದಿಲ್ಲ, ತೇವ ಹಿಡಿಯುತ್ತದೆ ಅಂತ. ಅವನಿಗೆ ಉಡುಗೊರೆ ಅಂತ ಒಂದು ನಯವಾದ ಸಾಣೆಕಲ್ಲು ಒಯ್ದಿದ್ದೆ. ಈ ಸಲ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಹೊಸ ಚಾಕು ಒಯ್ದಿದ್ದರೆ ಅದು ಗಾಜಿನ ಬೀರು ಸೇರುತ್ತಿತ್ತು. ಕಲ್ಲು ಅದೇ ರಾತ್ರಿ ನೀರಲ್ಲಿ ನೆನೆದು ಕೆಲಸಕ್ಕೆ ಬಿತ್ತು.

ಮೂರನೇ ದಿನ ತೀರ್ಥಹಳ್ಳಿಯ ತುಂಗೆಯ ದಡ. ಪರಶುರಾಮ ತನ್ನ ಕೊಡಲಿಯ ರಕ್ತ ತೊಳೆದದ್ದು ಇಲ್ಲೇ ಅಂತ ಕಥೆ. ಎಲ್ಲಿ ತೊಳೆದರೂ ಎಳ್ಳಿನಷ್ಟು ಕಲೆ ಉಳಿದಿತ್ತಂತೆ, ಇಲ್ಲಿ ಹೋಯಿತಂತೆ. ಎಳ್ಳಮಾವಾಸ್ಯೆ ಜಾತ್ರೆಗೆ ಹೊಂದಿಸಿಕೊಂಡು ಹೋದರೆ ತೀರ್ಥಸ್ನಾನವೂ ಆಗುತ್ತದೆ, ಜಾತ್ರೆಯೂ ಆಗುತ್ತದೆ. ಆದರೆ ಉಳಿಯಲು ರೂಮು ಮೊದಲೇ ನೋಡಿಕೊಳ್ಳಿ. ನಾವಿಬ್ಬರೂ ಬಂಡೆಯ ಮೇಲೆ ಕೂತು ಆ ಕಲೆ ತುಕ್ಕೇ ಇರಬೇಕು ಅಂತ ತೀರ್ಮಾನಕ್ಕೆ ಬಂದೆವು. ಹೊರಡುವಾಗ ಅವನು ಕಸಿಯ ಚಾಕುವನ್ನು ಬಂಡೆಯ ಮೇಲಿಟ್ಟ. ನಾನು ಒಂದು ರೂಪಾಯಿ ಇಟ್ಟೆ. ಚಾಕು ಪುಕ್ಕಟೆ ತೆಗೆದುಕೊಂಡರೆ ಸ್ನೇಹ ಕತ್ತರಿಸುತ್ತದೆ ಅನ್ನುವುದು ದೂರದ ದೇಶಗಳ ಸಂಗ್ರಾಹಕರಲ್ಲಿರುವ ರೂಢಿ. ಅವನು ನಾಣ್ಯ ನೋಡಿ, "ಇಷ್ಟೇನಾ?" ಅಂದ.

ತೀರ್ಥಹಳ್ಳಿಗೆ ರೈಲಿಲ್ಲ. ಶಿವಮೊಗ್ಗಕ್ಕೆ ಬಸ್ಸುಗಳು ಬೇಕಾದಷ್ಟಿವೆ, ಎರಡು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ರೈಲು ಹತ್ತಿದೆ. ಭದ್ರಾವತಿ ದಾಟಿದ ಮೇಲೆ ಎದುರು ಸೀಟಿನ ಹುಡುಗ ಕಿತ್ತಳೆ ಸುಲಿಯಲು ಪರದಾಡುತ್ತಿದ್ದ. ಕಸಿಯ ಚಾಕು ತೆಗೆದು ಸೀಟಿನ ಮೇಲಿಟ್ಟೆ. ಅವನು ಎತ್ತಿಕೊಂಡು, ಹಣ್ಣು ಮರೆತು, ಅಲಗನ್ನೇ ತಿರುಗಿಸಿ ನೋಡಿದ. "ಸೊರಬದಲ್ಲಿ ನಮ್ಮ ಅಜ್ಜನ ಹತ್ರ ಇಂಥದ್ದೇ ಇದೆ ಸಾರ್, ಆದ್ರೆ ಯಾರಿಗೂ ಮುಟ್ಟೋಕೆ ಬಿಡಲ್ಲ."

ಅಜ್ಜನ ನಂಬರ್ ಬರೆದುಕೊಂಡೆ.