ಮಡಚಿಟ್ಟಿದ್ದ ಏಪ್ರನ್

2020ರ ಮಾರ್ಚ್ 12ರ ರಾತ್ರಿ ಕಲಬುರಗಿಯ ನಮ್ಮ ಹಾಸ್ಟೆಲಿನಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಎರಡು ದಿನದ ಹಿಂದೆ ತೀರಿಕೊಂಡಿದ್ದ ಅದೇ ಊರಿನ 76 ವರ್ಷದ ಹಿರಿಯರಿಗೆ ಕೊರೊನಾ ಇತ್ತು, ದೇಶದಲ್ಲೇ ಈ ರೋಗದ ಮೊದಲ ಸಾವು ಇದು ಅಂತ ಸುದ್ದಿ ಬಂದಿತ್ತು. ಬೆಳಗಾಗುವಷ್ಟರಲ್ಲಿ ಎಲ್ಲರ ಮನೆಯಿಂದಲೂ ಫೋನ್ ಮೇಲೆ ಫೋನ್. ಒಂದು ವಾರ ರಜೆ ಅಂದರು. ನಾನಾಗ ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್. ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಚಿಂಚೋಳಿ ಬಸ್ ಹತ್ತಿದೆ. ಟ್ರಂಕಿಗೆ ಬೀಗ ಹಾಕಿದ್ದೆ. ಲ್ಯಾಬಿನಲ್ಲಿ ಹಾಕುವ ಬಿಳಿ ಏಪ್ರನ್ ಮಾತ್ರ ಮೊಳೆಗೆ ನೇತುಹಾಕಿದ್ದು ಹಾಗೇ ಉಳಿಯಿತು. ಸೋಮವಾರ ಪ್ರಾಕ್ಟಿಕಲ್ ಇತ್ತು, ಅಷ್ಟರಲ್ಲಿ ಬರ್ತೀನಲ್ಲ ಅಂತ.

ನಾನು ತಿರುಗಿ ಬಂದದ್ದು ನವೆಂಬರಿನಲ್ಲಿ.

ನಡುವಿನ ಎಂಟು ತಿಂಗಳು ನಮ್ಮ ಊರ ಕೆರೆ ಏರಿ ಮೇಲೆ ಕಳೆದವು. ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಮನೆಯಲ್ಲಿ ಒಂದೇ ಫೋನ್, ಅದೂ ಅಪ್ಪನದು. ಅವರು ಹೊಲಕ್ಕೆ ಹೋಗುವಾಗ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಥಿಯರಿ ಹೇಗೋ ಅರ್ಥವಾಗುತ್ತಿತ್ತು, ಆದರೆ ಪ್ರಾಕ್ಟಿಕಲ್ ಏನು ಮಾಡೋದು? ಎಸ್ಟರ್ ಹೈಡ್ರಾಲಿಸಿಸ್, ಅಂದರೆ ಎಸ್ಟರ್ ಅನ್ನೋ ರಾಸಾಯನಿಕ ನೀರಿನ ಜೊತೆ ಸೇರಿ ಒಡೆಯುವ ಪ್ರಯೋಗದ ವಿಡಿಯೋ ಕಳಿಸಿದರು. ಹತ್ತು ನಿಮಿಷಕ್ಕೊಮ್ಮೆ ಮಿಶ್ರಣದಿಂದ ಐದು ಎಂ.ಎಲ್. ತೆಗೆದು, ಐಸ್ ನೀರಿಗೆ ಹಾಕಿ ಟೈಟ್ರೇಟ್ ಮಾಡಬೇಕು, ಅಂದರೆ ಅದಕ್ಕೆ ಇನ್ನೊಂದು ದ್ರಾವಣ ಹನಿಹನಿಯಾಗಿ ಬಿಡಬೇಕು, ತಿಳಿ ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸಬೇಕು. ಆ ಬಣ್ಣ ಬರುವ ಹೊತ್ತಿಗೇ ವಿಡಿಯೋ ನಿಂತುಬಿಡುತ್ತಿತ್ತು. ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಅಲ್ಲೇ. ಅವತ್ತು ಏರಿ ಮೇಲೆ ಒಬ್ಬಳೇ ಕುಳಿತು ಅತ್ತಿದ್ದೇನೆ. ಜುಲೈನಲ್ಲಿ ನಮಗೆ ಪರೀಕ್ಷೆ ಇಲ್ಲ, ಹಳೆಯ ಅಂಕ ಮತ್ತು ಇಂಟರ್ನಲ್ ನೋಡಿ ಪಾಸು ಮಾಡುತ್ತೇವೆ ಅಂದರು. ಊರಲ್ಲಿ ಎಲ್ಲರೂ ಖುಷಿಪಟ್ಟರು. ನನಗೆ ಖುಷಿಯಾಗಲಿಲ್ಲ. ಮಾಡದೇ ಇರೋ ಕೆಲಸಕ್ಕೆ ಅಂಕ ತಗೊಂಡ ಹಾಗೆ ಅನಿಸಿತು, ಈಗಲೂ ಅನಿಸುತ್ತದೆ.

ನವೆಂಬರ್ 17ಕ್ಕೆ ಕಾಲೇಜು ತೆರೆಯಿತು, ಕೊನೇ ವರ್ಷದವರಿಗೆ ಮೊದಲು. ಮೂಗಿಗೆ ಕಡ್ಡಿ ಹಾಕಿಸಿಕೊಂಡು ನೆಗೆಟಿವ್ ರಿಪೋರ್ಟ್ ತಗೊಂಡೆ, ಅಪ್ಪನ ಸಹಿ ಇರುವ ಒಪ್ಪಿಗೆ ಪತ್ರ ಬೇರೆ. ಬಸ್ಸಿನ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು.

ಹಾಸ್ಟೆಲನ್ನು ಮೇ ತಿಂಗಳಲ್ಲಿ ಕ್ವಾರಂಟೈನ್ ಕೇಂದ್ರ ಮಾಡಿದ್ದರು ಅಂತ ಕೇಳಿದ್ದೆ. ನಮ್ಮ ಕಡೆಯಿಂದ ಮುಂಬೈ, ಪುಣೆಗೆ ದುಡಿಯಲು ಹೋದವರು ಸಾವಿರಗಟ್ಟಲೆ. ಅವರೆಲ್ಲ ತಿರುಗಿ ಬಂದಾಗ ಶಾಲೆ, ಹಾಸ್ಟೆಲ್ ಅಂತ ಎಲ್ಲಿ ಜಾಗ ಇತ್ತೋ ಅಲ್ಲೆಲ್ಲ ಇರಿಸಿದರು. ನಮ್ಮ ಕಾಕಾನೂ ನಮ್ಮೂರ ಶಾಲೆಯಲ್ಲಿ 14 ದಿನ ಇದ್ದರು. ಅವ್ವ ದಿನಾ ಗೇಟಿನವರೆಗೆ ಹೋಗಿ ರೊಟ್ಟಿ ಗಂಟು ಇಟ್ಟು ಬರುತ್ತಿದ್ದಳು. ಅಷ್ಟೆಲ್ಲ ಗೊತ್ತಿದ್ದರೂ ನನ್ನ ರೂಮಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ಸಿಟ್ಟೇ. ಬಕೆಟ್ ಇಲ್ಲ, ಚಾಪೆ ಇಲ್ಲ. ಟ್ರಂಕ್ ಮೂಲೆಗೆ ಸರಿದಿದೆ. ಕಿಟಕಿಯ ಸರಳಿನಿಂದ ಕಪಾಟಿನ ಹಿಡಿಕೆವರೆಗೆ ಒಂದು ನೂಲಿನ ಹಗ್ಗ ಬಿಗಿದಿದೆ. ಮಂಚದ ಮೇಲೆ ಏಪ್ರನ್, ಚೌಕಾಗಿ ಮಡಚಿಟ್ಟದ್ದು. ಬಿಡಿಸಿದರೆ ಎದೆಯ ಹತ್ತಿರ ಬೆರಳಗಲದ ಕಪ್ಪು ಕಲೆ.

ಅಡುಗೆ ಮಾಡುವ ಅಕ್ಕ ಬಂದು ನಿಂತರು. "ಒಬ್ಬಾಕಿ ಬಾಣಂತಿ ಇದ್ಳು ನೋಡವ್ವಾ ಇಲ್ಲಿ. ಪುಣೆದಾಗ ಕಟ್ಟಡ ಕೆಲಸಕ್ಕ ಹೋಗಿದ್ರಂತ. ಕೂಸಿಗಿ ಎರಡು ತಿಂಗಳು. ಹಾಸಾಕ ಏನೂ ಇರ್ಲಿಲ್ಲ, ನಿನ್ನ ಬಿಳಿ ಅಂಗಿನೇ ಕೂಸಿನ ಕೆಳಗ ಹಾಸ್ಕೊಂಡಿದ್ಳು. ಹೋಗೋ ಮುಂದ ಒಗದು ಮಡಚಿ ಇಟ್ಟು ಹೋಗ್ಯಾಳ."

ಕಪ್ಪು ಕಲೆ ಕೂಸಿನ ಕಾಡಿಗೆ. ಹಗ್ಗ ಅದರ ಬಟ್ಟೆ ಒಣಹಾಕಿದ್ದು. ಮೇ ತಿಂಗಳ ಕಲಬುರಗಿ ಬಿಸಿಲು ಹೇಗಿರುತ್ತೆ ಅಂತ ನಮಗೆಲ್ಲ ಗೊತ್ತು. ಆ ರೂಮಿನ ಫ್ಯಾನ್ ಎಷ್ಟು ನಿಧಾನ ತಿರುಗುತ್ತೆ ಅಂತಲೂ ನನಗೆ ಗೊತ್ತು. ಅಲ್ಲಿ ಹಸಿ ಬಾಣಂತಿ, ಹೊರಗೆ ಹೋಗುವ ಹಾಗಿಲ್ಲ, ನೀರು ಕಾಸಿ ಕೊಡುವವರಿಲ್ಲ. ಬಕೆಟಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆಕೆಯ ಹೆಸರು ಕೇಳಿದೆ, ಅಕ್ಕನಿಗೆ ನೆನಪಿರಲಿಲ್ಲ. ಸೇಡಂ ಕಡೆಯವಳು ಅಂತಷ್ಟೇ ಹೇಳಿದರು.

ಹಗ್ಗ ಬಿಚ್ಚಲಿಲ್ಲ. ಮಾಸ್ಕ್ ತೊಳೆದು ಒಣಹಾಕಲು ನಮಗೂ ಬೇಕಿತ್ತು.

ಡಿಸೆಂಬರಿನಲ್ಲಿ ಲ್ಯಾಬ್ ಶುರುವಾಯಿತು. ಒಂದು ಬೆಂಚಿಗೆ ಒಬ್ಬರೇ. ಐದನೇ ಸೆಮಿಸ್ಟರಿನ ಪ್ರಯೋಗದ ಮೊದಲು ನಮ್ಮ ಮೇಡಂ, "ನಿಮಗೆ ತಪ್ಪಿ ಹೋದದ್ದನ್ನ ಒಂದಾದರೂ ಮಾಡಿಸ್ತೀನಿ" ಅಂತ ಆ ಎಸ್ಟರ್ ಪ್ರಯೋಗವನ್ನೇ ಇಟ್ಟರು. ಅದು ಆ ಸೆಮಿಸ್ಟರಿನ ಸಿಲೆಬಸ್ಸಿನಲ್ಲಿ ಇರಲಿಲ್ಲ, ಅದಕ್ಕೆ ಅಂಕವೂ ಇರಲಿಲ್ಲ. ಕಾಡಿಗೆ ಕಲೆಯ ಏಪ್ರನ್ ಹಾಕಿಕೊಂಡು ಹನಿ ಬಿಡುವ ಗಾಜಿನ ಕೊಳವೆ, ಬ್ಯೂರೆಟ್ ಹಿಡಿದೆ, ಕೈ ನಡುಗುತ್ತಿತ್ತು. ಹನಿ, ಹನಿ, ಇನ್ನೊಂದು ಹನಿ. ಫ್ಲಾಸ್ಕ್ ಅಲ್ಲಾಡಿಸಿದೆ. ಗುಲಾಬಿ ಬಂತು, ಬಂದದ್ದು ಹಾಗೇ ನಿಂತಿತು.